ಓಡುವ ಪ್ರೋಟಾನ್ ಮತ್ತು ಏಳನೇ ಚುಕ್ಕಿ

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಮಾಲೂರಿನ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಓಡುವ ಪ್ರೋಟಾನಿನ ಲೆಕ್ಕದ ಗ್ರಾಫ್ ಕಳಿಸಿದ. ಪಿಎಚ್‌ಡಿ ಎರಡನೇ ವರ್ಷದವನು. ಮೊದಲ ಆರು ಚುಕ್ಕಿಗಳು ಹೇಳಿದ ಮಾತು ಕೇಳಿಕೊಂಡು ಸಾಲಾಗಿ ಕೂತಿವೆ. ಏಳನೆಯದರಿಂದ ಎರರ್ ಬಾರ್‌ಗಳು ಗ್ರಾಫಿನ ಮೇಲಂಚಿನಿಂದ ಕೆಳಂಚಿನವರೆಗೆ ಚಾಚಿಕೊಂಡಿವೆ. ಕೆಳಗೆ ಒಂದೇ ಸಾಲು: "ಅಕ್ಕಾ, ಇನ್ನೊಂದು 500 ಕಾನ್ಫಿಗರೇಷನ್ ಹಾಕಿದ್ರೆ ಸರಿಹೋಗುತ್ತಾ?" (ಕಾನ್ಫಿಗರೇಷನ್ ಎಂದರೆ ಕಂಪ್ಯೂಟರ್ ಹುಟ್ಟಿಸಿದ ಗ್ಲುವಾನ್ ಕ್ಷೇತ್ರದ ಒಂದು ಮಾದರಿ. ಇಂಥ ನೂರಾರು ಮಾದರಿಗಳ ಸರಾಸರಿಯೇ ನಮ್ಮ ಉತ್ತರ.)

"ಇಲ್ಲ ಕಣೋ" ಎಂದಷ್ಟೇ ಟೈಪ್ ಮಾಡಿ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಪಾಪ ಅನ್ನಿಸಿತು. ಈ ಪ್ರಶ್ನೆ ನನ್ನ ಬಳಿ ಬಂದದ್ದು ಅದು ನಾಲ್ಕನೇ ಸಲ. ಪ್ರತಿ ಸಲ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳುತ್ತೇನೆ, ಪ್ರತಿ ಸಲ ಏನಾದರೂ ಒಂದು ಬಿಟ್ಟುಹೋಗುತ್ತದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಕೋಲಾರದಲ್ಲಿ ಅಪ್ಪ ಅಮ್ಮನ ಮನೆಯ ಮಹಡಿ ರೂಮಿನಲ್ಲಿ ಕೂತು ಈ ಕೆಲಸ ಮಾಡುವವಳು. ಲೆಕ್ಕ ಓಡುವುದು ದೂರದ ಸೂಪರ್‌ಕಂಪ್ಯೂಟರ್‌ಗಳಲ್ಲಿ. ಇಲ್ಲಿರುವುದು ಒಂದು ಲ್ಯಾಪ್‌ಟಾಪ್ ಮತ್ತು ಅರ್ಧ ಗಂಟೆ ತಡೆಯುವ ಯುಪಿಎಸ್. ಲ್ಯಾಟಿಸ್‌ನಲ್ಲಿ, ಅಂದರೆ ಸ್ಥಳ-ಕಾಲವನ್ನು ಬಿಂದುಗಳ ಜಾಲ ಮಾಡಿ ಹಾಕುವ ಲೆಕ್ಕದಲ್ಲಿ, ನಿಂತ ನ್ಯೂಕ್ಲಿಯಾನ್‌ನ ದ್ರವ್ಯರಾಶಿಯನ್ನು ಒಮ್ಮೆಯಾದರೂ ತೆಗೆದವರು, ಈಗ ಅದನ್ನೇ ಓಡಿಸಲು ಹೊರಟವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನ್ಯೂಕ್ಲಿಯಾನ್ ಎಂದರೆ ಪ್ರೋಟಾನ್ ಇಲ್ಲವೇ ನ್ಯೂಟ್ರಾನ್, ನಮ್ಮ ಲೆಕ್ಕಕ್ಕೆ ಎರಡೂ ಒಂದೇ. ಈ 'ಎರಡೂ ಒಂದೇ' ನನ್ನ ಒಂದು ಮಧ್ಯಾಹ್ನವನ್ನೇ ತಿಂದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಓಡಿಸುವುದಾದರೂ ಯಾಕೆ? ಪ್ರೋಟಾನಿನೊಳಗೆ ಕ್ವಾರ್ಕ್‌ಗಳು ಸಂವೇಗವನ್ನು ಹೇಗೆ ಹಂಚಿಕೊಂಡಿವೆ ಎಂದು ಲ್ಯಾಟಿಸ್‌ನಲ್ಲಿ ನೇರವಾಗಿ ತೆಗೆಯಲು ಬರುವುದಿಲ್ಲ. 2013ರಲ್ಲಿ ಭೌತವಿಜ್ಞಾನಿ ಶಿಯಾಂಗ್‌ಡಾಂಗ್ ಜಿ ಒಂದು ದಾರಿ ತೋರಿಸಿದರು: ಪ್ರೋಟಾನನ್ನು ಜೋರಾಗಿ ಓಡಿಸಿ, ಅದರೊಳಗೆ ಒಂದೇ ಕ್ಷಣದಲ್ಲಿ ಅಳೆಯಬಹುದಾದದ್ದನ್ನು ಅಳೆದು, ಅಲ್ಲಿಂದ ಬೇಕಾದ ಹಂಚಿಕೆಗೆ ದಾಟಬಹುದು. ಓಟ ಹೆಚ್ಚಿದಷ್ಟೂ ದಾಟುವ ತಿದ್ದುಪಡಿ ಕಡಿಮೆ. ಅಂದಿನಿಂದ ಎಲ್ಲರಿಗೂ 2 ಗಿಗಾ ಎಲೆಕ್ಟ್ರಾನ್‌ವೋಲ್ಟ್, 3 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಸಂವೇಗ ಬೇಕು. ಏಳನೇ ಚುಕ್ಕಿಯ ತೊಂದರೆ ಏಳುವುದು ಅಲ್ಲೇ.

ಮೊದಲು ಒಂದು ಹಾಳೆಯ ಮೇಲೆ ಲೆಕ್ಕ

ಕೋಡ್ ಮುಟ್ಟುವ ಮೊದಲು ಪೆನ್ನು ಹಿಡಿಯಿರಿ. ಕೋರಿಲೇಟರ್ ಎಂದರೆ ಒಂದು ಕಡೆ ಹುಟ್ಟಿಸಿದ ನ್ಯೂಕ್ಲಿಯಾನನ್ನು ಕಾಲದಲ್ಲಿ ಕೆಲವು ಹೆಜ್ಜೆ ಆದ ಮೇಲೆ ಹಿಡಿಯುವ ಅಳತೆ, ಗ್ರಾಫಿನ ಒಂದೊಂದು ಚುಕ್ಕಿ ಒಂದೊಂದು ಹೆಜ್ಜೆ. ಅದರ ಸಿಗ್ನಲ್ ಕಾಲದೊಂದಿಗೆ ಘಾತೀಯವಾಗಿ ಕರಗುತ್ತದೆ, ಕರಗುವ ವೇಗ ನ್ಯೂಕ್ಲಿಯಾನ್‌ನ ಶಕ್ತಿಯಷ್ಟು. ನಾಯ್ಸ್‌ನ, ಅಂದರೆ ಮಾದರಿಯಿಂದ ಮಾದರಿಗೆ ಆಗುವ ಏರಿಳಿತದ, ಕಥೆ ಬೇರೆ. ನಾಯ್ಸ್‌ನ ವರ್ಗ ಎಂದರೆ ಕೋರಿಲೇಟರನ್ನು ಅದರದೇ ಕಾಂಜುಗೇಟ್‌ನಿಂದ ಗುಣಿಸಿದ್ದರ ಸರಾಸರಿ. ಅದರಲ್ಲಿ ಮೂರು ಕ್ವಾರ್ಕ್, ಮೂರು ಆ್ಯಂಟಿಕ್ವಾರ್ಕ್. ಇವು ಜೋಡಿ ಜೋಡಿಯಾಗಿ ಸೇರಿ ಮೂರು ಪಯಾನ್ ಆಗಿಬಿಡುತ್ತವೆ, ಯಾಕೆಂದರೆ ಅದಕ್ಕಿಂತ ಹಗುರವಾದದ್ದು ಯಾವುದೂ ಸಿಗುವುದಿಲ್ಲ. ಹಾಗಾಗಿ ನಾಯ್ಸ್ ಕರಗುವುದು ಒಂದೂವರೆ ಪಯಾನ್ ರಾಶಿಯ ವೇಗದಲ್ಲಿ ಮಾತ್ರ. ಇದನ್ನು ಪರೀಸಿ 1984ರಲ್ಲಿ, ಲೆಪಾಜ್ 1989ರಲ್ಲಿ ವಿವರಿಸಿದರು.

ಈಗ ಅಂಕಿ ಹಾಕಿ. ಉದಾಹರಣೆಗೆ 64×64×64×96 ಲ್ಯಾಟಿಸ್, ಬಿಂದುವಿನಿಂದ ಬಿಂದುವಿಗೆ 0.09 ಫೆಮ್ಟೊಮೀಟರ್, ಪಯಾನ್ ರಾಶಿ ನಿಸರ್ಗದಲ್ಲಿರುವಷ್ಟೇ. ನ್ಯೂಕ್ಲಿಯಾನ್ 938 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಪಯಾನ್ 140ರ ಹತ್ತಿರ, ಅದರ ಒಂದೂವರೆ ಪಟ್ಟು 210. ನಿಂತ ನ್ಯೂಕ್ಲಿಯಾನ್‌ಗೆ ವ್ಯತ್ಯಾಸ ಸುಮಾರು 730. ಇದನ್ನು 0.09 ಫೆಮ್ಟೊಮೀಟರ್‌ಗೆ ಲೆಕ್ಕ ಹಾಕಿದರೆ, ಕಾಲದಲ್ಲಿ ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ನಾಯ್ಸ್–ಸಿಗ್ನಲ್ ಅನುಪಾತ 1.4 ಪಟ್ಟು ಏರುತ್ತದೆ. ಅದನ್ನು ಸರಿದೂಗಿಸಲು ಬೇಕಾದ ಕಾನ್ಫಿಗರೇಷನ್‌ಗಳು ಅದರ ವರ್ಗ, ಹೆಚ್ಚುಕಡಿಮೆ ಎರಡು ಪಟ್ಟು.

ಓಡಿಸಿ ನೋಡಿ. ಈ ಪೆಟ್ಟಿಗೆಯಲ್ಲಿ ಸಂವೇಗದ ಒಂದು ಮೆಟ್ಟಿಲು ಸುಮಾರು 215 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಒಂಬತ್ತನೇ ಮೆಟ್ಟಿಲಲ್ಲಿ 1.94 ಗಿಗಾ, ಅಲ್ಲಿ ನ್ಯೂಕ್ಲಿಯಾನ್‌ನ ಶಕ್ತಿ 2.15 ಗಿಗಾ. ಅದೇ ಒಂದು ಹೆಜ್ಜೆಗೆ ಅನುಪಾತ 2.4 ಪಟ್ಟು ಏರುತ್ತದೆ, ಬೇಕಾದ ಕಾನ್ಫಿಗರೇಷನ್ ಆರು ಪಟ್ಟು. ಮಾಲೂರಿನವನ ಬಳಿ 500 ಇದ್ದವು. ಇನ್ನೂ 500 ಸೇರಿಸಿದರೆ ಅವನು ಮುಂದಕ್ಕೆ ಹೋಗುವುದು ಅರ್ಧ ಹೆಜ್ಜೆಗಿಂತ ಕಡಿಮೆ. ಆರು ತಿಂಗಳ ಕ್ಯೂ ಕಾದು ಅರ್ಧ ಚುಕ್ಕಿ ಗಳಿಸಿದಂತಾಯಿತು.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ನಾಯ್ಸ್‌ನ ಲೆಕ್ಕದಲ್ಲಿ ಸಂವೇಗ ಎಲ್ಲೂ ಬರಲಿಲ್ಲ. ನ್ಯೂಕ್ಲಿಯಾನ್ ಒಂದು ದಿಕ್ಕಿಗೆ ಓಡಿದರೆ ಅದರ ಕಾಂಜುಗೇಟ್ ಎದುರು ದಿಕ್ಕಿಗೆ. ಎರಡೂ ಸೇರಿ ಸೊನ್ನೆ, ಮೂರು ಪಯಾನ್‌ಗಳು ಸುಮ್ಮನೆ ನಿಂತಿವೆ. ನಮ್ಮ ಪ್ರೋಟಾನ್ ನಿಂತಿದೆಯೋ ಓಡುತ್ತಿದೆಯೋ ನಾಯ್ಸ್‌ಗೆ ಗೊತ್ತೇ ಇಲ್ಲ. ಹಾಗಾಗಿ ನಾಯ್ಸನ್ನು ಹಿಡಿದು ಕಟ್ಟಿಹಾಕುವ ಯೋಚನೆ ಬಿಡಿ. ಮೊದಲ ನಾಲ್ಕಾರು ಹೆಜ್ಜೆಗಳಲ್ಲಿ ಸಿಗ್ನಲ್ ಎಷ್ಟು ಎತ್ತರದಿಂದ ಹೊರಡುತ್ತದೆ, ಅದಷ್ಟೇ ನಮ್ಮ ಕೈಯಲ್ಲಿರುವುದು. ಮುಂದೆ ಬರೆದ ಎಲ್ಲದರ ಹಿಂದೆ ಇದೇ ಇದೆ.

(ನಮ್ಮ ತಾತ ಕೆಜಿಎಫ್‌ನಲ್ಲಿ ಕೆಲಸಕ್ಕಿದ್ದವರು. ಅಲ್ಲಿ ಭೌತವಿಜ್ಞಾನಿಗಳು 2.3 ಕಿಲೋಮೀಟರ್ ಆಳಕ್ಕೆ ಇಳಿದು 1965ರಲ್ಲಿ ವಾತಾವರಣದ ನ್ಯೂಟ್ರಿನೊ ಹಿಡಿದರು, 1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಸಾಯುತ್ತದೆಯೇ ಎಂದು ಕಾದು ಕೂತರು. ಮೇಲಿನಿಂದ ಸುರಿಯುವ ಮ್ಯುವಾನ್‌ಗಳ ಕಾಟ ತಪ್ಪಿಸಲು ಬಂಡೆಯನ್ನೇ ಹೊದ್ದುಕೊಂಡರು. ನಮ್ಮ ನಾಯ್ಸ್ ಹೊರಗಿನಿಂದ ಬರುವುದಲ್ಲ, ಕ್ವಾಂಟಮ್ ಕ್ಷೇತ್ರದ ಒಳಗಿನದೇ. ಎಷ್ಟು ಆಳಕ್ಕೆ ಇಳಿದರೂ ಜೊತೆಗೇ ಬರುತ್ತದೆ.)

ಸ್ಮಿಯರಿಂಗ್: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಕ್ವಾರ್ಕನ್ನು ಒಂದೇ ಬಿಂದುವಿನಲ್ಲಿ ಹುಟ್ಟಿಸಿದರೆ ನ್ಯೂಕ್ಲಿಯಾನ್ ಜೊತೆಗೆ ಬೇಡದ ಭಾರದ ಸ್ಥಿತಿಗಳೆಲ್ಲ ಹುಟ್ಟುತ್ತವೆ. ಅದಕ್ಕೆ ಅಕ್ಕಪಕ್ಕದ ಬಿಂದುಗಳಿಗೆ ಸ್ವಲ್ಪ ಸ್ವಲ್ಪ ಸವರುತ್ತೇವೆ, ಹಪ್ಪಳದ ಹಿಟ್ಟಿನ ಉಂಡೆಯನ್ನು ಲಟ್ಟಿಸಿದ ಹಾಗೆ. ಪ್ರತಿ ಸುತ್ತಿನಲ್ಲಿ ಆರು ದಿಕ್ಕಿನ ನೆರೆಯ ಬಿಂದುಗಳಿಂದ ಕಪ್ಪಾ ಪಾಲು ತಂದು ಸೇರಿಸುವುದು. ಎಲ್ಲರೂ ಬಳಸುವ ಗಾಸಿಯನ್ ಸ್ಮಿಯರಿಂಗ್ ಇದು, ವುಪರ್ಟಾಲ್ ಎಂದೂ ಕರೆಯುತ್ತಾರೆ. ನಿಂತ ನ್ಯೂಕ್ಲಿಯಾನ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಓಡುವ ನ್ಯೂಕ್ಲಿಯಾನ್‌ಗೆ ಇದೇ ಶತ್ರು. ಹೇಗೆ ಅಂತ ಲೆಕ್ಕ ಮಾಡೋಣ. ಕಪ್ಪಾ 0.25 ಇಟ್ಟು 60 ಸುತ್ತು ಹಾಕಿದರೆ, ಗೇಜ್ ಕ್ಷೇತ್ರ (ಅದೇ ಗ್ಲುವಾನ್ ಕ್ಷೇತ್ರ) ಇಲ್ಲದ ಲೆಕ್ಕದಲ್ಲಿ, ಪ್ರತಿ ದಿಕ್ಕಿಗೆ ಗಾಸಿಯನ್‌ನ ಅಗಲ ಸುಮಾರು 3.5 ಬಿಂದು, ಅಂದರೆ 0.31 ಫೆಮ್ಟೊಮೀಟರ್. ಇದನ್ನು ಸಂವೇಗದ ಕನ್ನಡಿಯಲ್ಲಿ ನೋಡಿದರೆ ಸೊನ್ನೆಯ ಸುತ್ತ 630 ಮೆಗಾ ಅಗಲದ ದಿಬ್ಬ. ನಮ್ಮ ಪ್ರೋಟಾನ್ 1.94 ಗಿಗಾದಲ್ಲಿ ಓಡುತ್ತಿದೆ, ಮೂರು ಕ್ವಾರ್ಕ್ ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೂ 645. ದಿಬ್ಬದ ಆ ಜಾಗದಲ್ಲಿ ಎತ್ತರ 0.59. ಮೂರು ಕ್ವಾರ್ಕ್‌ಗೆ ಘನ ಮಾಡಿ: 0.21. ಹುಟ್ಟುವ ಕಡೆ ಒಮ್ಮೆ, ಹಿಡಿಯುವ ಕಡೆ ಒಮ್ಮೆ, ವರ್ಗ ಮಾಡಿ: 0.044. ಸಿಗ್ನಲ್ ಮೊದಲ ಹೆಜ್ಜೆ ಇಡುವ ಮುಂಚೆಯೇ 23ರಲ್ಲಿ ಒಂದು ಪಾಲಾಯಿತು, ನಾಯ್ಸ್ ಇದ್ದಲ್ಲೇ ಇದೆ. ಕೈಲೆಕ್ಕ ಇದು, ನಿಜವಾದ ಕ್ವಾರ್ಕ್‌ಗಳು ಇಷ್ಟು ಶಿಸ್ತಾಗಿ ಹಂಚಿಕೊಳ್ಳುವುದಿಲ್ಲ. ಆದರೂ ಸೋರುತ್ತಿರುವುದು ಎಲ್ಲಿಂದ ಎಂದು ಕಾಣಿಸಲು ಸಾಕು.

ಮದ್ದು 2016ರಲ್ಲಿ ಬಂತು. ಬಾಲಿ, ಲಾಂಗ್, ಮುಷ್, ಷೇಫರ್ ನಾಲ್ವರು ಪ್ರಕಟಿಸಿದ ಸಂವೇಗ ಸ್ಮಿಯರಿಂಗ್. ಉಪಾಯ ಕೇಳಿದರೆ ನಗು ಬರುವಷ್ಟು ಸರಳ: ಸವರುವಾಗ ಪ್ರತಿ ಲಿಂಕನ್ನೂ (ನೆರೆಯ ಬಿಂದುಗಳನ್ನು ಜೋಡಿಸುವ ಕೊಂಡಿ, ಗೇಜ್ ಕ್ಷೇತ್ರ ಕೂರುವುದು ಇದರ ಮೇಲೆ) ಒಂದು ಫೇಸ್‌ನಿಂದ, ಅಂದರೆ ಅಲೆಯ ತಿರುವಿನ ಕೋನದಿಂದ, ಗುಣಿಸಿ. ಆಗ ದಿಬ್ಬ ಸೊನ್ನೆಯ ಮೇಲೆ ಕೂರದೆ ನೀವು ಹೇಳಿದ ಸಂವೇಗದ ಮೇಲೆ ಹೋಗಿ ಕೂರುತ್ತದೆ. ಈ ಕ್ವಾರ್ಕ್ ಸಂವೇಗ ಪೆಟ್ಟಿಗೆಯ ಮೆಟ್ಟಿಲುಗಳಿಗೆ ಸರಿಹೊಂದಲೇಬೇಕೆಂದಿಲ್ಲ, ಯಾವ ಬೆಲೆಯನ್ನಾದರೂ ಕೊಡಬಹುದು. ಕೋಡ್‌ನಲ್ಲಿ ಹತ್ತು ಸಾಲಿನ ಬದಲಾವಣೆ.

ಆ ಹತ್ತು ಸಾಲಿನಲ್ಲಿ ನಾನು ಎರಡು ವಾರದ ನೋಡ್-ಗಂಟೆ ಕಳೆದಿದ್ದೇನೆ. ಲಿಂಕ್‌ಗೆ ಪ್ಲಸ್ ಫೇಸ್ ಕೊಟ್ಟರೆ ಸವರಿದ ಮೂಲದ (ಕ್ವಾರ್ಕ್ ಹುಟ್ಟಿಸುವ ಜಾಗದ) ಮೇಲೆ ಬರುವ ಅಲೆ ಮೈನಸ್ ಫೇಸಿನದು. ನೆರೆಯ ಬಿಂದುವಿನಿಂದ ತರುವಾಗ ಅಲೆ ಎದುರಾಗಿ ತಿರುಗಿದರೆ ಮಾತ್ರ ಲಿಂಕಿನ ಫೇಸ್ ರದ್ದಾಗುತ್ತದೆ; ಎರಡು ಸಾಲು ಬರೆದರೆ ಗೊತ್ತಾಗುವ ವಿಷಯ. ನಾನು ಆ ಎರಡು ಸಾಲು ಬರೆಯಲಿಲ್ಲ. ಮೂಲದ ಕಡೆ ಒಂದು ಚಿಹ್ನೆ, ಹಿಡಿಯುವ ಕಡೆ ಅದರ ವಿರುದ್ಧ. ಬಂದ ಗ್ರಾಫಿನಲ್ಲಿ ಎರಡನೇ ಹೆಜ್ಜೆಯಿಂದಲೇ ಬರೀ ಗದ್ದಲ. ನಾನು ಸ್ಮಿಯರಿಂಗ್ ಸಾಲದೇನೋ ಎಂದು ಸುತ್ತು ಹೆಚ್ಚಿಸಿದೆ, ದಿಬ್ಬ ಇನ್ನಷ್ಟು ಕಿರಿದಾಗಿ ಸಂಗತಿ ಇನ್ನಷ್ಟು ಕೆಟ್ಟಿತು. ಕೊನೆಗೆ ಸಿಕ್ಕಿಬಿದ್ದದ್ದು ಈ ಕೆಳಗಿನ ಪರೀಕ್ಷೆಯಿಂದ. ನೀವು ಇದನ್ನು ಮೊದಲೇ ಮಾಡಿ, ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ.

16×16×16ರ ಒಂದು ಕಾಲಪದರ ತೆಗೆದುಕೊಳ್ಳಿ. ಎಲ್ಲ ಲಿಂಕ್‌ಗಳನ್ನೂ ಯೂನಿಟ್ ಮ್ಯಾಟ್ರಿಕ್ಸ್ ಮಾಡಿ. ನಡುವೆ ಒಂದು ಬಿಂದುವಿನಲ್ಲಿ 1, ಉಳಿದೆಡೆ ಸೊನ್ನೆ. ಕಪ್ಪಾ 0.25, 20 ಸುತ್ತು, ಝಡ್ ದಿಕ್ಕಿಗೆ ಎರಡು ಮೆಟ್ಟಿಲಿನ ಫೇಸ್, ಅಂದರೆ ಪ್ರತಿ ಲಿಂಕಿಗೆ 0.785 ರೇಡಿಯನ್. ಈಗ ಝಡ್ ದಿಕ್ಕಿನಲ್ಲಿ ಫೋರಿಯರ್ ಟ್ರಾನ್ಸ್‌ಫಾರ್ಮ್ ಮಾಡಿ, ದಿಬ್ಬದ ತುದಿ ಎಲ್ಲಿದೆ ನೋಡಿ. 2ರಲ್ಲಿರಬೇಕು ಎಂದುಕೊಂಡಿದ್ದು 14ರಲ್ಲಿ ಕೂತಿದ್ದರೆ, 14 ಎಂದರೆ ಮೈನಸ್ 2. ನನ್ನದು 14ರಲ್ಲಿತ್ತು. ಇದೇ ಪರೀಕ್ಷೆಯನ್ನು ಹಿಡಿಯುವ ಕಡೆಯ ಕೋಡ್‌ಗೂ ಮಾಡಿ, ಮೂರು ದಿಕ್ಕಿಗೂ ಮಾಡಿ. ಮೂರು-ಬಿಂದು ಕೋರಿಲೇಟರ್‌ಗೆ ಸೀಕ್ವೆನ್ಷಿಯಲ್ ಪ್ರೊಪಗೇಟರ್ ಕಟ್ಟುವವರು ಇನ್ನೊಂದು ಸಲ ಮಾಡಿ. ಅಲ್ಲಿ ಕಾಂಜುಗೇಟ್ ತೆಗೆದಾಗ ಫೇಸ್ ಕೂಡ ತಿರುಗಿಬಿಡುತ್ತದೆ.

ಇನ್ನು ಫೇಸ್ ಎಷ್ಟು ಕೊಡಬೇಕು? ಕ್ವಾರ್ಕ್ ಸಂವೇಗವನ್ನು ನ್ಯೂಕ್ಲಿಯಾನ್ ಸಂವೇಗದ ಜೀಟಾ ಪಾಲು ಎಂದು ಬರೆಯುವುದು ರೂಢಿ. ಕೈಲೆಕ್ಕ ಹೇಳುವುದು ಮೂರರಲ್ಲಿ ಒಂದು. ಮಾಡಿ ನೋಡಿದಾಗ ಒಳ್ಳೆಯ ಬೆಲೆ ಅದಕ್ಕಿಂತ ಮೇಲೆ ಸಿಗುತ್ತದೆ, ಹಾಗಾಗಿ 0.33ಕ್ಕೆ ಅಂಟಿಕೊಂಡು ಕೂರಬೇಡಿ. 25–30 ಕಾನ್ಫಿಗರೇಷನ್ ಮೇಲೆ ಮೂರು ನಾಲ್ಕು ಬೆಲೆ ಓಡಿಸಿ. ನೋಡಬೇಕಾದ್ದು ಒಂದೇ ಅಂಕಿ: ಐದನೇ ಅಥವಾ ಆರನೇ ಹೆಜ್ಜೆಯಲ್ಲಿ ಕೋರಿಲೇಟರ್‌ನ ಶೇಕಡಾವಾರು ಎರರ್. ಕಣ್ಣಿಗೆ ಚೆಂದ ಕಾಣುವ ಎಫೆಕ್ಟಿವ್ ಎನರ್ಜಿ ಗ್ರಾಫ್ ನೋಡಿ ಜೀಟಾ ಆರಿಸಬೇಡಿ, 30 ಕಾನ್ಫಿಗರೇಷನ್‌ನಲ್ಲಿ ಚೆಂದ ಎನ್ನುವುದು ಬರೀ ಅದೃಷ್ಟ. ಅಗಲವನ್ನೂ ಒಂದೆರಡು ಬದಲಿಸಿ ನೋಡಿ. ಓಡುವ ನ್ಯೂಕ್ಲಿಯಾನ್ ಓಟದ ದಿಕ್ಕಿಗೆ ಕುಗ್ಗಿರುತ್ತದೆ, ನಿಂತದ್ದಕ್ಕೆ ಹೊಂದಿದ ಅಗಲ ಇಲ್ಲಿ ದೊಗಳೆ. ಸವರುವ ಮೊದಲು ಸ್ಪೇಶಿಯಲ್ ಲಿಂಕ್‌ಗಳನ್ನು ಏಪ್ ಅಥವಾ ಸ್ಟೌಟ್ ವಿಧಾನದಲ್ಲಿ ನಯ ಮಾಡಿಕೊಳ್ಳುವುದನ್ನು ಮರೆಯಬೇಡಿ, ಒರಟು ಲಿಂಕ್ ಮೇಲೆ ಸವರಿದರೆ ಮೂಲವೇ ನಾಯ್ಸಿ.

ಇದಕ್ಕೆ ಬೆಲೆ ಇದೆ. ಮೊದಲಿನ ಹಾಗೆ ಒಂದು ಪ್ರೊಪಗೇಟರ್ (ಮೂಲದಿಂದ ಕ್ವಾರ್ಕ್ ಸಾಗುವ ಲೆಕ್ಕ) ಮಾಡಿಟ್ಟುಕೊಂಡು ಎಲ್ಲ ಸಂವೇಗಕ್ಕೂ ಬಳಸಲು ಆಗುವುದಿಲ್ಲ. ಫೇಸ್ ಬದಲಾದರೆ ಮೂಲ ಬದಲಾಯಿತು, ಮತ್ತೆ ಹನ್ನೆರಡು ಇನ್‌ವರ್ಶನ್, ಅಂದರೆ ಪ್ರೊಪಗೇಟರ್‌ಗಾಗಿ ದೊಡ್ಡ ಮ್ಯಾಟ್ರಿಕ್ಸ್ ಸಮೀಕರಣ ಬಿಡಿಸುವುದು. ದಿಬ್ಬಕ್ಕೆ ಅಗಲ ಇರುವುದರಿಂದ ಅಕ್ಕಪಕ್ಕದ ಮೆಟ್ಟಿಲುಗಳಿಗೆ ಒಂದೇ ಫೇಸ್ ನಡೆಯುತ್ತದೆ, ಅಷ್ಟೇ ಸಮಾಧಾನ. ಡಿಸ್ಟಿಲೇಷನ್ ಎಂಬ ಇನ್ನೊಂದು ಸ್ಮಿಯರಿಂಗ್ ವಿಧಾನ ಬಳಸುವವರಿಗೂ ಇದೇ ಉಪಾಯ ಹೊಂದುತ್ತದೆ, ಫೇಸನ್ನು ಲಾಪ್ಲಾಸಿಯನ್‌ನ ಐಗನ್‌ವೆಕ್ಟರ್‌ಗಳಿಗೆ ಹಚ್ಚಬೇಕು. ಅದು ನನ್ನ ದಿನದ ಕೆಲಸವಲ್ಲ, ಮುಂದೆ ಹೋಗುತ್ತೇನೆ.

ಪುಕ್ಕಟೆ ಸಿಗುವುದನ್ನು ಬಿಡಬೇಡಿ

ಪ್ರೊಪಗೇಟರ್ ಸಿದ್ಧವಾದ ಮೇಲೆ ಅದನ್ನು ಯಾವ ಸ್ಪಿನ್ ರಚನೆಯಲ್ಲಿ ಜೋಡಿಸುತ್ತೀರಿ ಎನ್ನುವುದಕ್ಕೆ ಹೆಚ್ಚು ಖರ್ಚಿಲ್ಲ. ಅಭ್ಯಾಸಬಲದಿಂದ ಎಲ್ಲರೂ ನಿಂತ ನ್ಯೂಕ್ಲಿಯಾನ್‌ಗೆ ಬರೆದ ಆಪರೇಟರನ್ನೇ (ಕಣವನ್ನು ಹುಟ್ಟಿಸುವ, ಹಿಡಿಯುವ ಸೂತ್ರ) ಓಡುವುದಕ್ಕೂ ಹಾಕುತ್ತಾರೆ. ಪಯಾನ್‌ನ ಉದಾಹರಣೆ ನೋಡಿ. ಸಾದಾ ಸ್ಯೂಡೊಸ್ಕೇಲರ್ ಆಪರೇಟರ್ ಪಯಾನನ್ನು ಹಿಡಿಯುವ ಬಲ ಸಂವೇಗ ಹೆಚ್ಚಾದರೂ ಅಷ್ಟೇ ಇರುತ್ತದೆ. ಆ್ಯಕ್ಸಿಯಲ್ ಕರೆಂಟ್‌ನ ಕಾಲಘಟಕ ಹಾಕಿದರೆ ಬಲ ಪಯಾನ್‌ನ ಶಕ್ತಿಯೊಂದಿಗೇ ಏರುತ್ತದೆ, ಓಟದ ದಿಕ್ಕಿನ ಘಟಕ ಹಾಕಿದರೆ ಸಂವೇಗದೊಂದಿಗೆ. ನಾಯ್ಸ್‌ಗೆ ಓಟ ಗೊತ್ತಿಲ್ಲ ಎಂದೆನಲ್ಲ, ಹಾಗಾಗಿ ಏರಿದ್ದೆಲ್ಲ ಲಾಭ. ನ್ಯೂಕ್ಲಿಯಾನ್‌ಗೂ ಇದೇ ಜಾಡಿನಲ್ಲಿ, ಒಳಗಿನ ಡೈಕ್ವಾರ್ಕ್‌ಗೆ ಕಾಲದ ಅಥವಾ ಓಟದ ದಿಕ್ಕಿನ ಗಾಮಾ ಮ್ಯಾಟ್ರಿಕ್ಸ್ ಸೇರಿಸಿದ ಆಪರೇಟರ್‌ಗಳನ್ನು ಈಚೆಗೆ ಪ್ರಯತ್ನಿಸುತ್ತಿದ್ದಾರೆ. ನಾನೀಗ ನಾಲ್ಕೈದು ರಚನೆಗಳನ್ನು ಒಟ್ಟಿಗೇ ಜೋಡಿಸಿ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಅವುಗಳ ನಡುವಿನ ಪೂರ್ತಿ ಮ್ಯಾಟ್ರಿಕ್ಸ್ ಇದ್ದರೆ ಜನರಲೈಸ್ಡ್ ಐಗನ್‌ವ್ಯಾಲ್ಯೂ ವಿಧಾನಕ್ಕೂ ಆಯಿತು.

ದಿಕ್ಕುಗಳ ಸರಾಸರಿಯೂ ಒಳ್ಳೆಯದು. ಅಕ್ಷದ ಮೇಲಿನ ಸಂವೇಗಕ್ಕೆ ಆರು ದಿಕ್ಕು, ಘನದ ಮೂಲೆಗಳಿಗೆ ಎಂಟು. ಸಂವೇಗ ಸ್ಮಿಯರಿಂಗ್ ಹಾಕಿದರೆ ಪ್ರತಿ ದಿಕ್ಕಿಗೂ ಬೇರೆ ಇನ್‌ವರ್ಶನ್, ಆದ್ದರಿಂದ ಪುಕ್ಕಟೆ ಎನ್ನಲಾರೆ. ಆದರೂ ಅದೇ ದಿಕ್ಕಿಗೆ ಪಕ್ಕದಲ್ಲೇ ಇನ್ನೊಂದು ಮೂಲ ಇಡುವುದಕ್ಕಿಂತ ಬೇರೆ ದಿಕ್ಕಿಗೆ ಓಡಿಸುವುದನ್ನು ನಾನು ಆರಿಸಿಕೊಳ್ಳುತ್ತೇನೆ.

ಈಗ ಆ ಮಧ್ಯಾಹ್ನದ ಕಥೆ. ಪ್ರೋಟಾನ್‌ನ ಕೋರಿಲೇಟರ್ ಇದೆ, ನ್ಯೂಟ್ರಾನ್‌ನದೂ ಮಾಡಿ ಎರಡರ ಸರಾಸರಿ ತೆಗೆದರೆ ಎರರ್ 1.4 ಪಟ್ಟು ಇಳಿಯಬೇಕಲ್ಲವೇ ಎಂದು ಹೊಳೆಯಿತು. ಊಟಕ್ಕೂ ಇಳಿಯದೆ ಬರೆದೆ. ಎರರ್ ಒಂದು ಕೂದಲೆಳೆಯೂ ಇಳಿಯಲಿಲ್ಲ. ಎರಡು ಫೈಲ್ ಪಕ್ಕಪಕ್ಕ ತೆರೆದರೆ ಕೊನೆಯ ದಶಮಾಂಶದವರೆಗೆ ಒಂದೇ ಅಂಕಿ. ಅಪ್ ಮತ್ತು ಡೌನ್ ಕ್ವಾರ್ಕ್‌ಗಳಿಗೆ ಒಂದೇ ರಾಶಿ ಕೊಟ್ಟು, ವಿದ್ಯುತ್ಕಾಂತೀಯ ಬಲ ಬಿಟ್ಟು ಮಾಡಿದ ಲೆಕ್ಕದಲ್ಲಿ ಎರಡಕ್ಕೂ ಒಂದೇ ಪ್ರೊಪಗೇಟರ್, ಮತ್ತೇನು ಬರಬೇಕು! ಅಮ್ಮ ಮೇಲೆ ಬಂದು "ಅನ್ನ ಆರಿಹೋಯ್ತು, ಅಂಥದ್ದೇನು ಕೆಲಸ?" ಅಂದಳು. ಉತ್ತರ ಇರಲಿಲ್ಲ.

ಅಗ್ಗದ ಮೂಲ ನೂರು, ದುಬಾರಿ ಮೂಲ ಒಂದು

ಹೊಸ ಕಾನ್ಫಿಗರೇಷನ್ ಹುಟ್ಟಿಸುವುದು ದುಬಾರಿ. ಇರುವ ಕಾನ್ಫಿಗರೇಷನ್‌ನಲ್ಲೇ ಬೇರೆ ಬೇರೆ ಜಾಗದಲ್ಲಿ ಮೂಲ ಇಡುವುದು ಅಗ್ಗ. ಇನ್‌ವರ್ಶನನ್ನೇ ಅರ್ಧಂಬರ್ಧ ನಿಲ್ಲಿಸುವುದು ಇನ್ನೂ ಅಗ್ಗ. ಬ್ಲಮ್, ಇಝುಬುಚಿ, ಶಿಂತಾನಿ ಹೇಳಿಕೊಟ್ಟ ಆಲ್ ಮೋಡ್ ಆ್ಯವರೇಜಿಂಗ್ ಮಾಡುವುದು ಇದನ್ನೇ: ಹಲವಾರು ಮೂಲಗಳಲ್ಲಿ ಸಾಲ್ವರನ್ನು (ಇನ್‌ವರ್ಶನ್ ಮಾಡುವ ಕೋಡ್) ಒರಟಾಗಿ ಬೇಗ ನಿಲ್ಲಿಸಿ, ಒಂದೆರಡು ಮೂಲಗಳಲ್ಲಿ ಮಾತ್ರ ಪೂರ್ತಿ ಓಡಿಸಿ, ಆ ಒಂದೆರಡರಲ್ಲಿ ಕಂಡ ವ್ಯತ್ಯಾಸವನ್ನು ಎಲ್ಲಕ್ಕೂ ತಿದ್ದುಪಡಿಯಾಗಿ ಸೇರಿಸುವುದು. ಉತ್ತರ ಒರಟಾಗುವುದಿಲ್ಲ, ಸರಾಸರಿ ನಿಜದಲ್ಲೇ ನಿಲ್ಲುತ್ತದೆ.

ಎಷ್ಟು ಒರಟು ನಡೆಯುತ್ತದೆ? ಒರಟು ಉತ್ತರಕ್ಕೂ ನಿಖರ ಉತ್ತರಕ್ಕೂ ಇರುವ ಕೋರಿಲೇಷನ್ ತೆಗೆಯಿರಿ. 64 ಅಗ್ಗದ ಮೂಲ, ಒಂದು ದುಬಾರಿ ಮೂಲ ಎನ್ನಿ. ಆದರ್ಶದಲ್ಲಿ ಎರರ್ ಎಂಟನೇ ಒಂದು, 0.125ಕ್ಕೆ ಇಳಿಯಬೇಕು. ಕೋರಿಲೇಷನ್ 0.999 ಇದ್ದರೆ 0.133 ಸಿಗುತ್ತದೆ, ದೂರಿಲ್ಲ. 0.99ಕ್ಕೆ ಇಳಿದರೆ 0.19. ನೋಡಲು ಎರಡೂ '99' ಅನ್ನಿಸುತ್ತವೆ, ಆದರೆ ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲ ನೀರಿಗೆ ಹಾಕಿದಂತೆ. ಈ ಕೋರಿಲೇಷನನ್ನು ನಿಂತ ನ್ಯೂಕ್ಲಿಯಾನ್‌ನಲ್ಲಿ ತೆಗೆದು ಓಡುವುದಕ್ಕೂ ಸಾಕು ಎಂದುಕೊಳ್ಳಬೇಡಿ, ನಿಮಗೆ ಬೇಕಾದ ಸಂವೇಗದಲ್ಲಿ, ಬೇಕಾದ ಹೆಜ್ಜೆಯಲ್ಲೇ ತೆಗೆಯಿರಿ. ಮೂಲಗಳ ಜಾಲವನ್ನು ಪ್ರತಿ ಕಾನ್ಫಿಗರೇಷನ್‌ನಲ್ಲೂ ಯಾದೃಚ್ಛಿಕವಾಗಿ ಸರಿಸಿ. ಮೂಲಗಳ ಸಂಖ್ಯೆ ಏರಿದಂತೆ ಎರರ್ ವರ್ಗಮೂಲದ ಗೆರೆ ಹಿಡಿದೇ ಇಳಿಯುತ್ತಿದೆಯೇ ಎಂದು ಒಂದು ಗ್ರಾಫ್ ಹಾಕಿ. ಗೆರೆ ಬಿಟ್ಟು ಮೇಲೆ ಮಲಗಿದ ಕಡೆ ನಿಲ್ಲಿಸಿ. ಮೂಲವಾರು ಅಂಕಿಗಳನ್ನು ಪ್ರತ್ಯೇಕವಾಗಿಯೇ ಡಿಸ್ಕ್‌ಗೆ ಬರೆಯಿರಿ. ಜಾಗ ಉಳಿಸಲು ಸರಾಸರಿ ಮಾಡಿಟ್ಟರೆ ಈ ಗ್ರಾಫ್ ಹಾಕಲು ಆಗುವುದಿಲ್ಲ.

ಎರರ್ ಬಾರ್ ನಿಜ ಹೇಳುತ್ತಿದೆಯೇ

ಅಪ್ಪ ಕೋಲಾರದ ಎಪಿಎಂಸಿ ಮಂಡಿಗೆ ಟೊಮೇಟೊ ಹಾಕುತ್ತಾರೆ, 15 ಕೆ.ಜಿ. ಬಾಕ್ಸ್ ಲೆಕ್ಕ. ಹರಾಜಿನಲ್ಲಿ ನೂರು ಬಾಕ್ಸ್ ಪೇರಿಸಿದ್ದರೂ ಕೊಳ್ಳುವವನು ಕೇಳುವುದು ಎಷ್ಟು ಜನರ ಮಾಲು ಎಂದು. ಒಂದೇ ತೋಟದಲ್ಲಿ ಒಂದೇ ಬೆಳಿಗ್ಗೆ ಕಿತ್ತ ಇಪ್ಪತ್ತು ಬಾಕ್ಸ್ ನೋಡಿದರೂ ಒಂದು ನೋಡಿದ ಹಾಗೆ, ಅದು ಅವನಿಗೆ ಗೊತ್ತು. ಕಾನ್ಫಿಗರೇಷನ್‌ಗಳೂ ಒಂದರ ಬೆನ್ನಿಗೆ ಒಂದು ಹುಟ್ಟಿದವು. ಹತ್ತಿರದವುಗಳಿಗೆ ಒಂದೇ ತೋಟದ ರುಚಿ. ಆಟೋಕೋರಿಲೇಷನ್ ಕಾಲ (ಈ ರುಚಿ ಎಷ್ಟು ಕಾನ್ಫಿಗರೇಷನ್‌ವರೆಗೆ ಉಳಿಯುತ್ತದೆ ಎನ್ನುವ ಅಳತೆ) 5 ಎಂದು ಬಂದರೆ, ನಿಮ್ಮ 500 ನಿಜವಾಗಿ 50. ಗದ್ದಲ ತುಂಬಿದ ನ್ಯೂಕ್ಲಿಯಾನ್ ಕೋರಿಲೇಟರ್‌ನಲ್ಲಿ ಇದು ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ, ಬಿಂದುಗಳು ಹತ್ತಿರ ಹತ್ತಿರ ಇರುವ ಲ್ಯಾಟಿಸ್‌ನಲ್ಲಿ ಟೊಪೊಲಾಜಿಕಲ್ ಚಾರ್ಜ್‌ನಂಥವು ಮಾತ್ರ ಆಮೆಯ ಹಾಗೆ. ಆದರೂ ನೋಡದೆ ಬಿಡಬೇಡಿ. 2, 4, 8, 16 ಹೀಗೆ ಗುಂಪು ಮಾಡಿ, ಗುಂಪುಗಳ ಮೇಲೆ ಜಾಕ್‌ನೈಫ್ (ಒಂದೊಂದು ಗುಂಪನ್ನು ಬಿಟ್ಟು ಲೆಕ್ಕ ಮಾಡಿ ಎರರ್ ತೆಗೆಯುವ ವಿಧಾನ) ಓಡಿಸಿ. ಗುಂಪು ದೊಡ್ಡದಾದಂತೆ ಎರರ್ ಏರುತ್ತಲೇ ಇದ್ದರೆ ನೀವು ಮೊದಲು ತೋರಿಸಿದ ಎರರ್ ಸುಳ್ಳು. ಇನ್ನೂ ಅಚ್ಚುಕಟ್ಟಾಗಿ ಬೇಕಾದರೆ ಉಲ್ಲಿ ವೂಲ್ಫ್ 2004ರಲ್ಲಿ ಕೊಟ್ಟ ಗಾಮಾ ವಿಧಾನ ಇದೆ.

ಕಡೆಯದಾಗಿ, ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಹಳ್ಳ. ಏಳನೇ ಚುಕ್ಕಿ ಕೈಕೊಟ್ಟಿತು ಎಂದು ಮೂರರಿಂದ ಆರರವರೆಗೆ ಗೆರೆ ಎಳೆದು ಇದೇ ನ್ಯೂಕ್ಲಿಯಾನ್ ಎಂದುಬಿಡುವುದು. ನಿಂತಾಗ ನ್ಯೂಕ್ಲಿಯಾನ್‌ಗೂ ಅದರ ಮೇಲಿನ 1440ರ ರೋಪರ್ ಸ್ಥಿತಿಗೂ ಅಂತರ 500 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಎರಡಕ್ಕೂ 2 ಗಿಗಾ ಸಂವೇಗ ಕೊಟ್ಟು ಶಕ್ತಿ ತೆಗೆಯಿರಿ: 2.21 ಮತ್ತು 2.46. ಅಂತರ 250ಕ್ಕೆ ಇಳಿಯಿತು. ಬೇಡದವರು ಮನೆ ಖಾಲಿ ಮಾಡಲು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ನಮಗೆ ಕಾಯಲು ಇರುವ ಹೊತ್ತು ಮೂರನೇ ಒಂದು ಪಾಲಿಗೆ ಇಳಿದಿದೆ. ನ್ಯೂಕ್ಲಿಯಾನ್ ಜೊತೆಗೊಂದು ಪಯಾನ್ ಇರುವ ಸ್ಥಿತಿಗಳು ಇನ್ನೂ ಹತ್ತಿರ. ಆದ್ದರಿಂದ ಒಂದೇ ಘಾತದ ಫಿಟ್ ಬೇಡ, ಎರಡು ಸ್ಥಿತಿಯ ಫಿಟ್ ಮಾಡಿ. ಶುರುವಿನ ಹೆಜ್ಜೆಯನ್ನು ಒಂದೊಂದೇ ಸರಿಸಿ ಉತ್ತರ ಕದಲುತ್ತದೆಯೇ ನೋಡಿ. ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಮೆಟ್ಟಿಲುಗಳ ಶಕ್ತಿಯನ್ನೂ ಒಂದೇ ಗ್ರಾಫಿನಲ್ಲಿಟ್ಟು, ರಾಶಿಯ ವರ್ಗಕ್ಕೆ ಸಂವೇಗದ ವರ್ಗ ಕೂಡಿಸಿ ವರ್ಗಮೂಲ ತೆಗೆದ ಗೆರೆಯ ಪಕ್ಕ ಹೋಲಿಸಿ. ಐದನೇ ಮೆಟ್ಟಿಲಿನಿಂದ ಎಲ್ಲವೂ ಗೆರೆಗಿಂತ ಮೇಲಕ್ಕೇ ತೇಲುತ್ತಿದ್ದರೆ ಮೇಲಿನ ಸ್ಥಿತಿ ಇನ್ನೂ ಮನೆಯಲ್ಲೇ ಇದೆ, ಇಲ್ಲವೇ ಲ್ಯಾಟಿಸ್ ಅಂತರದ ದೋಷ. ಎರಡನ್ನೂ ಬೇರ್ಪಡಿಸಲು ಇನ್ನೊಂದು ಅಂತರದ ಲ್ಯಾಟಿಸ್ ಬೇಕು. ಕೋರಿಲೇಟೆಡ್ ಫಿಟ್ ಮಾಡುವಾಗ ಚುಕ್ಕಿಗಳ ಹತ್ತು ಪಟ್ಟಾದರೂ ಗುಂಪುಗಳಿರಲಿ, ಇಲ್ಲದಿದ್ದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಹೇಳುವುದನ್ನು ನಂಬಲಾಗದು.

ಮಾಲೂರಿನ ಹುಡುಗನಿಗೆ ಫೋನ್ ಮಾಡಿ ಮೊದಲು ಕೇಳಿದ್ದು ಜೀಟಾ ಎಷ್ಟಿಟ್ಟಿದ್ದೀಯ ಎಂದು. "ಜೀಟಾ ಅಂದ್ರೆ?" ಅಂದ. ಸಾದಾ ಗಾಸಿಯನ್, 60 ಸುತ್ತು. ಸೀನಿಯರ್ ಕೊಟ್ಟ ಇನ್‌ಪುಟ್ ಫೈಲ್, ನಿಂತ ನ್ಯೂಕ್ಲಿಯಾನ್‌ಗೆ ಬರೆದದ್ದು. ಫೇಸ್ ಸೇರಿಸಲು ಹೇಳಿ 16ರ ಪೆಟ್ಟಿಗೆಯ ಪರೀಕ್ಷೆ ಮಾಡಿಸಿದೆ, ಅವನ ದಿಬ್ಬವೂ 14ರಲ್ಲೇ ಕೂತಿತ್ತು. ತಿದ್ದಿಕೊಂಡು 30 ಕಾನ್ಫಿಗರೇಷನ್ ಮೇಲೆ ಓಡಿಸಿ ಮೊನ್ನೆ ಗ್ರಾಫ್ ಕಳಿಸಿದ. ಈಗ ಕೈಕೊಟ್ಟಿರುವುದು ಒಂಬತ್ತನೇ ಚುಕ್ಕಿ, 500ರಲ್ಲಿ ಏಳು ಇದ್ದದ್ದು 30ರಲ್ಲಿ ಒಂಬತ್ತು. ಉಳಿದ 470 ಕ್ಯೂಗೆ ಹಾಕಲಾ ಅಂದ. ಹಾಕು, ಆದರೆ ಅದಕ್ಕೆ ಮೊದಲು ಆ ಮೂವತ್ತನ್ನು ಎರಡೆರಡು ಗುಂಪು ಮಾಡಿ ಎರರ್ ಏರುತ್ತಾ ನೋಡಿ ಹೇಳು ಎಂದಿದ್ದೇನೆ. ಇನ್ನೂ ಹೇಳಿಲ್ಲ.